ಕೀವಿಲ್ಲದ ಸೋಂಕು

ಎಲ್ಲರಿಗೂ ನಮಸ್ಕಾರ.

ಇವತ್ತು ಬೆಳಗ್ಗೆಯಿಂದ ಈ ಹೊತ್ತಿನವರೆಗೆ ನಾವೆಲ್ಲ ಬೂಷ್ಟಿನ, ಅಂದರೆ ಫಂಗಸ್ಸಿನ, ಬೀಜಕಣಗಳನ್ನು ಉಸಿರಿನ ಜೊತೆ ಒಳಗೆ ಎಳೆದುಕೊಂಡಿದ್ದೇವೆ. ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ ಬೀಜಕಣ 2ರಿಂದ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಷ್ಟೇ. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಸಲೀಸಾಗಿ ಇಳಿಯುತ್ತದೆ. ಗಾಬರಿ ಬೇಡ. ಅಲ್ಲಿ ಕಾದು ಕೂತಿರುವ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಅದನ್ನು ನುಂಗಿಬಿಡುತ್ತವೆ. ತಪ್ಪಿಸಿಕೊಂಡು ಎಳೆ ಬಿಟ್ಟದ್ದನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುಗಿಸುತ್ತವೆ. ನಮಗೆ ಗೊತ್ತೂ ಆಗುವುದಿಲ್ಲ.

ಈಗ ರಕ್ತದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಂಡವರನ್ನು ನೋಡಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೆ ಇಳಿದು, ಹತ್ತು ದಿನ ದಾಟಿದರೂ ಏರದಿದ್ದರೆ ಅದೇ ಬೂಷ್ಟು ರಕ್ತನಾಳವನ್ನೇ ಕೊರೆದು ಒಳಗೆ ಹೋಗಬಹುದು. ಹೊಸದಾಗಿ ಎಲ್ಲಿಂದಲೋ ಬಂದದ್ದಲ್ಲ, ದಿನಾ ಬರುತ್ತಿದ್ದದ್ದೇ. ತಡೆಯುವವರು ಇಲ್ಲ, ಅಷ್ಟೇ.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇದರ ಮುಂದಿನ ಮಾತು. ಕೀವು ಅಂದರೆ ಏನು? ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳು. ಊತ, ಕೆಂಪು, ಕಫ ಇವೆಲ್ಲ ನಮ್ಮ ದೇಹವೇ ಜಗಳಕ್ಕೆ ಇಳಿದಾಗ ಮಾಡುವ ಗಲಾಟೆ. ಜಗಳ ಆಡುವವರೇ ಇಲ್ಲದಿದ್ದರೆ ಗಲಾಟೆ ಎಲ್ಲಿಂದ ಬರಬೇಕು? ಹಾಗಾಗಿ ಇಂಥವರಲ್ಲಿ ಕಫ ಅಷ್ಟಾಗಿ ಇರುವುದಿಲ್ಲ, ಎದೆಯ ಎಕ್ಸ್‌ರೇ ಮೊದಮೊದಲು ಚೆನ್ನಾಗೇ ಕಾಣಬಹುದು. ಎಷ್ಟೋ ಸಲ ಕಾಣುವುದು ಜ್ವರ ಒಂದೇ. ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಳ್ಳುವವರಲ್ಲಿ ಅದೂ ಅಡಗಿರಬಹುದು. "ಬರೀ ಜ್ವರ ತಾನೇ" ಅನ್ನೋ ಮಾತು ನನಗೆ ಭಯ ಹುಟ್ಟಿಸುವುದು ಇದಕ್ಕೇ.

ಎಚ್‌ಐವಿ ಇರುವವರಲ್ಲೂ ಇದೇ ಕಥೆ, ಪಾತ್ರ ಮಾತ್ರ ಬೇರೆ. ಎಚ್‌ಐವಿ ನಾಶಮಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳ ಎಣಿಕೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 100ಕ್ಕಿಂತ ಕಡಿಮೆಯಾದಾಗ ಕ್ರಿಪ್ಟೋಕಾಕಸ್ ಎಂಬ ಇನ್ನೊಂದು ಫಂಗಸ್ ಮೆದುಳಿನ ಪೊರೆಗೆ ಹತ್ತಬಹುದು. ಮೆನಿಂಜೈಟಿಸ್, ಅಂದರೆ ಈ ಪೊರೆಯ ಉರಿಯೂತ, ಬಂದರೆ ಕುತ್ತಿಗೆ ಸೆಟೆದುಕೊಳ್ಳಬೇಕು ಅಲ್ವಾ? ಇಲ್ಲಿ ಅನೇಕರಿಗೆ ಅದು ಇರುವುದೇ ಇಲ್ಲ. ವಾರಗಟ್ಟಲೆ ತಲೆನೋವು ಮಾತ್ರ. ಒಂದು ಸಮಾಧಾನ ಇದೆ: ತಲೆನೋವು ಶುರುವಾಗುವ ಎಷ್ಟೋ ದಿನ ಮೊದಲೇ ಈ ಫಂಗಸ್ಸಿನ ಗುರುತು ರಕ್ತಪರೀಕ್ಷೆಯಲ್ಲಿ ಸಿಗುತ್ತದೆ.

ಕ್ಯಾಂಡಿಡಾ ಎಂಬ ಮತ್ತೊಂದು ಫಂಗಸ್ ಹೊರಗಿನದ್ದೇ ಅಲ್ಲ, ನಮ್ಮ ಕರುಳಿನ ಬಾಡಿಗೆದಾರ. ಆಂಟಿಬಯೋಟಿಕ್ ಅಕ್ಕಪಕ್ಕದ ಬ್ಯಾಕ್ಟೀರಿಯಾಗಳನ್ನು ಖಾಲಿ ಮಾಡಿಸುತ್ತದೆ, ಕೀಮೋ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಅದು ರಕ್ತಕ್ಕೆ ಇಳಿಯಲು ಇನ್ನೇನು ಬೇಕು? ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ ಇನ್ನೊಂದು ದಾರಿ. ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿದರೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದು ಸಿಕ್ಕುವುದಿಲ್ಲ.

ಹೀಗೆ ರೋಗ ತಾನಾಗಿ ಮಾತಾಡದಿದ್ದಾಗ ಅದನ್ನು ಹುಡುಕಿಕೊಂಡು ಹೋಗಬೇಕು. ನ್ಯೂಟ್ರೋಫಿಲ್ ಕುಸಿದಿದೆ, ಆಂಟಿಬಯೋಟಿಕ್ ಕೊಟ್ಟು ನಾಲ್ಕೈದು ದಿನವಾದರೂ ಜ್ವರ ಇಳಿದಿಲ್ಲ ಅಂದರೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಆಸ್ಪರ್ಜಿಲಸ್ ಬೆಳೆಯುವಾಗ ಉದುರಿಸುವ ಗ್ಯಾಲಕ್ಟೋಮ್ಯಾನನ್ ಎಂಬ ಸಕ್ಕರೆಯನ್ನು ರಕ್ತದಲ್ಲಿ ಹುಡುಕುತ್ತಾರೆ. ಕೆಲವೊಮ್ಮೆ ಪೂರ್ತಿ ಪುರಾವೆ ಸಿಗುವ ಮೊದಲೇ ಔಷಧಿ ಶುರು ಮಾಡುತ್ತಾರೆ. ಸುಮ್ನೆ ಕೊಟ್ಟರು ಅಂತ ಮನೆಯವರಿಗೆ ಅನ್ನಿಸಬಹುದು. ಕಾಯುವುದು ಅದಕ್ಕಿಂತ ಅಪಾಯ.

ಔಷಧಿಗಳೂ ಬಹಳ ಇಲ್ಲ. ಫಂಗಸ್ ಬ್ಯಾಕ್ಟೀರಿಯಾಕ್ಕಿಂತ ನಮಗೆ ಹತ್ತಿರದ ನೆಂಟ. ಅದಕ್ಕೆ ಹೊಡೆದ ಏಟು ನಮಗೂ ತಾಗುತ್ತದೆ. ಆಂಫೊಟೆರಿಸಿನ್ ಎಂಬ ಹಳೆಯ ಫಂಗಸ್ ಔಷಧಿ ಕಿಡ್ನಿಯನ್ನು ಕಾಡುವುದು ಇದೇ ಕಾರಣಕ್ಕೆ.

ಕೊನೆಗೆ, ರೋಗಿಯ ಜೊತೆ ಆಸ್ಪತ್ರೆಯಲ್ಲಿ ಕೂರುವವರಿಗೆ ಒಂದು ಮಾತು. ಬಿಳಿ ರಕ್ತಕಣಗಳು ಮತ್ತೆ ಏರತೊಡಗಿದಾಗ ಕೆಮ್ಮು ಹೆಚ್ಚಬಹುದು, ಸ್ಕ್ಯಾನಿನಲ್ಲಿ ಕಲೆ ದೊಡ್ಡದಾಗಿ ಕಾಣಬಹುದು. ಔಷಧಿ ಸೋತಿತು ಅಂತ ಕೂಡಲೇ ಅಂದುಕೊಳ್ಳಬೇಡಿ. ಕಾವಲಿನವರು ವಾಪಸ್ ಬಂದು ಜಗಳ ಶುರು ಮಾಡಿರುವ ಸದ್ದೂ ಅದಾಗಿರಬಹುದು. ಆದರೆ ಕೆಮ್ಮಿದಾಗ ಒಂದು ಹನಿ ರಕ್ತ ಕಂಡರೂ ಬೆಳಗಾಗಲಿ ಅಂತ ಕಾಯದೆ ನರ್ಸನ್ನು ಕರೆಯಿರಿ.