ಹೊಟ್ಟೆಕಿಚ್ಚಿನ ಹಿಂದಿರುವ ಬಯಕೆ

ನಮಸ್ಕಾರ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಗೆಳೆಯನೊಬ್ಬನ ಫೋಟೊವನ್ನು ಮೊಬೈಲಿನಲ್ಲಿ ಎರಡು ಬೆರಳುಗಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕುಳಿತಿದ್ದೆ. ನಾವಿಬ್ಬರೂ ಒಂದೇ ದಿನ, ಒಂದೇ ಹುದ್ದೆಗೆ ಸೇರಿದವರು. ಅಂದು ಅವನಿಗೆ ಬಡ್ತಿ ಸಿಕ್ಕಿತ್ತು; ಹೊಸ ಕೊಠಡಿಯಲ್ಲಿ ನಗುತ್ತ ಕುಳಿತಿದ್ದ. ‘ತುಂಬಾ ಸಂತೋಷವಾಯಿತು ಕಣೋ’ ಎಂದು ಮಧ್ಯಾಹ್ನವೇ ಫೋನಿನಲ್ಲಿ ಹೇಳಿದ್ದೆ, ಆದರೆ ಅದು ಬಾಯಿಮಾತಾಗಿತ್ತು. ರಾತ್ರಿ ಆ ಫೋಟೊದಲ್ಲಿ ನಾನು ಹುಡುಕುತ್ತಿದ್ದುದು ಏನಾದರೊಂದು ಕೊರತೆಯನ್ನು, ಅವನ ಕಣ್ಣಿನಲ್ಲಿ ದಣಿವನ್ನೋ, ಗೋಡೆಯ ಮೇಲೊಂದು ಬಿರುಕನ್ನೋ ಎಂಬುದು ಹೊಳೆದಾಗ ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ನಾಚಿಕೆಗಿಂತ ಹೆಚ್ಚಾಗಿ ಕಾಡಿದ್ದು ಒಂದು ಪ್ರಶ್ನೆ. ಜಗತ್ತಿನಲ್ಲಿ ಸಾವಿರಾರು ಕೋಟ್ಯಧೀಶರಿದ್ದಾರೆ; ಅವರ ಅರಮನೆಗಳನ್ನು ಕಂಡು ನಾನು ಒಂದು ದಿನವೂ ನಿದ್ದೆಗೆಟ್ಟವನಲ್ಲ. ಈ ಗೆಳೆಯನ ಒಂದು ಕೊಠಡಿ ಮಾತ್ರ ಏಕೆ ಚುಚ್ಚಿತು? ಉತ್ತರ ನಮ್ಮ ‘ದಾಯಾದಿ ಮತ್ಸರ’ ಎಂಬ ಮಾತಿನಲ್ಲಿಯೇ ಇದೆ: ಮತ್ಸರ ಹುಟ್ಟುವುದು ಸರೀಕರ ನಡುವೆ. ಕಾಲ, ಸ್ಥಳ, ವಯಸ್ಸು, ಕೀರ್ತಿಗಳಲ್ಲಿ ನಮಗೆ ಹತ್ತಿರವಿರುವವರನ್ನು ಕಂಡೇ ನಾವು ಕರುಬುತ್ತೇವೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದಿದ್ದ. 1954ರಲ್ಲಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ ಕೂಡ, ಖಚಿತವಾದ ಅಳತೆಗೋಲು ಸಿಗದಿದ್ದಾಗ ಮನುಷ್ಯ ತನ್ನಂಥವರ ಪಕ್ಕದಲ್ಲಿ ನಿಂತು ತನ್ನನ್ನು ಅಳೆದುಕೊಳ್ಳುತ್ತಾನೆ ಎಂದು ವಾದಿಸಿದ. ಹಾಗೆಂದರೆ ಹೊಟ್ಟೆಕಿಚ್ಚಿನ ಹಿಂದೆ ‘ನಾನೂ ಇಷ್ಟು ದೂರ ಬರಬಹುದಿತ್ತಲ್ಲವೇ’ ಎಂಬ ಲೆಕ್ಕವೊಂದು ನಡೆಯುತ್ತಿರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು, ‘ನಿನಗಿಂತ ಕೆಳಗಿರುವವರನ್ನು ನೋಡಿ ಸಮಾಧಾನ ಪಟ್ಟುಕೋ’ ಎಂಬುದು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಲೆ ನೋಡಿ ಕುದಿಯುವುದಕ್ಕೂ ಕೆಳಗೆ ನೋಡಿ ಸಮಾಧಾನಗೊಳ್ಳುವುದಕ್ಕೂ ಬಳಕೆಯಾಗುವುದು ಒಂದೇ ತಕ್ಕಡಿ. ಇನ್ನೊಬ್ಬರ ಕಷ್ಟವನ್ನು ನಮ್ಮ ನೆಮ್ಮದಿಯ ಬಂಡವಾಳ ಮಾಡಿಕೊಳ್ಳುವುದು ಮತ್ಸರಕ್ಕಿಂತ ಶ್ರೇಷ್ಠವಾದ ಗುಣವೇನೂ ಅಲ್ಲ. ‘ಅವರಿಗೂ ಒಳಗೆ ಎಷ್ಟು ನೋವಿದೆಯೋ’ ಎಂಬ ಮಾತಿನಲ್ಲಿಯೂ, ನಿಜ ಹೇಳಬೇಕೆಂದರೆ, ಆ ನೋವು ಇರಲಿ ಎಂಬ ಆಸೆ ಅಡಗಿರುತ್ತದೆ.

ಅರಿಸ್ಟಾಟಲ್ ಅದೇ ಬರಹದಲ್ಲಿ ಇನ್ನೊಂದು ಭಾವವನ್ನು ಬೇರ್ಪಡಿಸಿದ್ದ: ಅವನಿಗೆ ಇರಬಾರದು ಎನ್ನುವುದು ಅಸೂಯೆ, ನನಗೂ ಅದು ಬೇಕು ಎಂದು ದುಡಿಮೆಗೆ ಇಳಿಸುವುದು ಸ್ಪರ್ಧಾಭಾವ. ಮೊದಲನೆಯದರಿಂದ ಎರಡನೆಯದಕ್ಕೆ ದಾಟಬೇಕಾದರೆ ನಮಗೆ ಬೇಕಾಗಿರುವುದು ಏನು ಎಂದು ಸ್ಪಷ್ಟವಾಗಿ ತಿಳಿಯಬೇಕು. ನಾನು ಒಂದು ಹಾಳೆ ತೆಗೆದುಕೊಂಡು ಗೆಳೆಯನ ಬಳಿ ಇದ್ದು ನನ್ನ ಬಳಿ ಇಲ್ಲದ್ದನ್ನೆಲ್ಲ ಬರೆದೆ. ಕೊಠಡಿ, ಸಂಬಳ, ಗೌರವ ಎಂದು ಬರೆಯುತ್ತ ಹೋಗಿ, ಅವುಗಳನ್ನು ಒಂದೊಂದಾಗಿ ಹೊಡೆದುಹಾಕಿದ ಮೇಲೆ ಉಳಿದದ್ದು ಕೊನೆಯ ಸಾಲು: ಕೆಲಸ ಮುಗಿದ ಮೇಲೆ ಅವನು ವರ್ಷಗಟ್ಟಲೆ ಕುಳಿತು ಹೊಸ ವಿಷಯ ಕಲಿತಿದ್ದ, ನಾನು ಮೂರು ತಿಂಗಳಿಗೇ ಕೈಬಿಟ್ಟಿದ್ದೆ. ನನ್ನನ್ನು ಸುಡುತ್ತಿದ್ದುದು ನಾನೇ ಮುಚ್ಚಿಟ್ಟ ಆ ಪುಸ್ತಕ.

ಎಲ್ಲ ಅಸೂಯೆಗೂ ಹೀಗೆ ದಾರಿ ಸಿಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮಗುವಿಗಾಗಿ ಹಂಬಲಿಸುವವರು ಇನ್ನೊಬ್ಬರ ತೊಟ್ಟಿಲು ಕಂಡಾಗ, ಕಾಯಿಲೆಯವರು ಆರೋಗ್ಯವಂತರ ನಡಿಗೆ ಕಂಡಾಗ ಪಡುವ ಸಂಕಟಕ್ಕೆ ಪರಿಶ್ರಮ ಉತ್ತರವಲ್ಲ. ಅದು ಮತ್ಸರದ ವೇಷದಲ್ಲಿರುವ ದುಃಖ. ಅದನ್ನು ದುಃಖವೆಂದೇ ಕರೆದು, ನಂಬಿಕೆಯವರೊಬ್ಬರ ಮುಂದೆ ಅಳುವುದಕ್ಕೆ ಅವರಿಗೆ ಅವಕಾಶವಿರಬೇಕು. ಅಂಥವರಿಗೆ ಯಾರೂ ದಯವಿಟ್ಟು ಉಪದೇಶ ಮಾಡಬೇಡಿ.

ನನ್ನ ವಿಷಯದಲ್ಲಿ, ಒಂದು ವಾರದ ನಂತರ ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಅಭಿನಂದನೆ ಹೇಳಲಿಲ್ಲ. ‘ಮೊದಲ ವರ್ಷ ನಿನಗೆ ಅರ್ಥವಾಗದೇ ಇದ್ದದ್ದು ಯಾವುದು? ಅದನ್ನು ಹೇಗೆ ದಾಟಿದೆ?’ ಎಂದು ಕೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, ‘ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ’ ಎಂದು ಮಾತು ಶುರುಮಾಡಿದ. ಫೋನ್ ಇಡುವಷ್ಟರಲ್ಲಿ ನನ್ನ ಎದುರಿನ ಹಾಳೆ ಅವನು ಹೇಳಿದ ಟಿಪ್ಪಣಿಗಳಿಂದ ತುಂಬಿತ್ತು.