ಎದೆಯ ಆಪರೇಷನ್ ಆದ ಮೇಲೆ ಬೆನ್ನು ನೀವುವ ಬಗ್ಗೆ

(ಧಾರವಾಡದ ಹಿರಿಯರ ಕೂಟವೊಂದರಲ್ಲಿ ಫಿಜಿಯೋಥೆರಪಿಸ್ಟ್ ಒಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಹಿರಿಯರೊಬ್ಬರು ಕೇಳಿದರು, "ಏನವ್ವಾ, ಭಾಷಣ ಮಾಡ್ಲಿಕ್ಕೆ ಬಂದೀಯೋ, ಮಲಗ್ಲಿಕ್ಕೆ ಬಂದೀಯೋ?" ನನ್ನ ಕಂಕುಳಲ್ಲಿ ಈ ತಲೆದಿಂಬು ಇತ್ತು ನೋಡಿ. ಇದರ ಕೆಲಸ ಆಮೇಲೆ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ಅಪ್ಪನಿಗೆ ಹೃದಯದ ಬೈಪಾಸ್ ಆಪರೇಷನ್ ಆಯಿತು. ಮೂರನೇ ದಿನ ವಾರ್ಡಿಗೆ ತಂದರು. ನಾನು ಹೋದವಳೇ, "ಅಪ್ಪಾ, ಎದಿ ಬ್ಯಾನಿ ಹೆಂಗೈತಿ?" ಎಂದು ಕೇಳಿದೆ. "ಎದಿದು ಇರ್ಲಿ ಬಿಡು. ಬೆನ್ನು ನೋಡವ್ವಾ. ನಡು ಬೆನ್ನಾಗ ಯಾರೋ ಮೊಣಕಾಲು ಊರಿ ಕುಂತಂಗ ಆಗೇತಿ" ಎಂದರು. ಇದನ್ನೇ ಕಲಿತು ಇದರಲ್ಲೇ ಹೊಟ್ಟೆ ಹೊರೆಯುವವಳು ನಾನು. ಆದರೂ ನನ್ನ ಕಣ್ಣು ಬ್ಯಾಂಡೇಜಿನ ಮೇಲೆಯೇ ಇತ್ತು. ಮಗಳಾಗಿ ನಿಂತರೆ ಓದಿದ್ದೆಲ್ಲ ಮರೆತು ಹೋಗುತ್ತದೆ.

ಕತ್ತರಿಸಿದ್ದು ಎದೆ, ನೋಯುವುದು ಬೆನ್ನು. ಯಾಕೆ ಹೀಗೆ? ಬೈಪಾಸ್‌ನಲ್ಲಿ ಎದೆಯ ನಡುವಿನ ಚಪ್ಪಟೆ ಎಲುಬನ್ನು ಗರಗಸದಿಂದ ಉದ್ದಕ್ಕೆ ಸೀಳುತ್ತಾರೆ. ಉಕ್ಕಿನ ಒಂದು ಸಾಧನ ಇಟ್ಟು ಎರಡೂ ಕಡೆ ಅಗಲಿಸುತ್ತಾರೆ. ನಮ್ಮ ಪಕ್ಕೆಲುಬುಗಳಲ್ಲಿ ಹೆಚ್ಚಿನವು ಮುಂದೆ ಈ ಎಲುಬಿಗೆ ಕೂಡಿವೆ, ಹಿಂದೆ ಬೆನ್ನೆಲುಬಿಗೆ. ಮುಂದಿನ ಬಾಗಿಲು ಜೋರಾಗಿ ತೆರೆದರೆ ಹಿಂದಿನ ಬಿಜಾಗರಿ ಮೇಲೆ ಭಾರ ಬೀಳುತ್ತದೆ, ಅಲ್ವಾ? ಅದೂ ಗಂಟೆಗಟ್ಟಲೆ. ಆಮೇಲೆ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿದು ಹೊಲಿಯುತ್ತಾರೆ. ಎಚ್ಚರ ಬಂದ ಮೇಲೆ ಮನುಷ್ಯ ಅಂಗಾತ ಮಲಗಿರಬೇಕು. ಪಕ್ಕಕ್ಕೆ ಹೊರಳುವ ಹಾಗಿಲ್ಲ, ಎದೆಯಿಂದ ಪೈಪು ಇಳಿದಿರುತ್ತದೆ. ಎಲ್ಲಿ ಹೊಲಿಗೆ ಬಿಚ್ಚುತ್ತದೋ ಎಂಬ ಹೆದರಿಕೆಗೆ ಹೆಗಲು ಮುಂದಕ್ಕೆ ಬಾಗಿಸಿ, ಕುತ್ತಿಗೆ ಕುಗ್ಗಿಸಿ ಮಲಗುತ್ತಾರೆ. ಎರಡು ದಿನ ಹೀಗೆ ಇದ್ದರೆ ಬೆನ್ನು ಹಲಗೆಯಂತಾಗುತ್ತದೆ.

ಶ್ವಾಸಕೋಶದ ಆಪರೇಷನ್ ಆದವರ ಕಥೆ ಸ್ವಲ್ಪ ಬೇರೆ. ಅವರಿಗೆ ಪಕ್ಕದಲ್ಲಿ, ಎರಡು ಪಕ್ಕೆಲುಬುಗಳ ನಡುವೆ ಕೊಯ್ದಿರುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಹಾದು ಹೋಗುತ್ತದೆ. ಎಲುಬು ಅಗಲಿಸುವಾಗ ಅದು ಜಗ್ಗಿ ನಲುಗುತ್ತದೆ. ಇವರ ನೋವು ಉರಿಯಂತೆ, ಇರುವೆ ಕಡಿದಂತೆ. ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಗಿ ತಾಕಿದರೂ ಚುರ್ ಎನ್ನುವವರಿದ್ದಾರೆ. ಅಂಥ ಜಾಗಕ್ಕೆ ಕೈ ಹಾಕಬೇಡಿ. ನರದ ನೋವಿಗೆ ಬೇರೆ ಗುಳಿಗೆಗಳಿವೆ, ಡಾಕ್ಟರನ್ನೇ ಕೇಳಿ.

"ಸ್ವಲ್ಪ ತಡ್ಕೊಂಡ್ರ ಏನು ಗಂಟು ಹೋಗತೈತಿ?" ಎನ್ನುವ ಗಟ್ಟಿ ಜನ ನಮ್ಮ ಕಡೆ ಜಾಸ್ತಿ. ಗಂಟು ಹೋಗುತ್ತದೆ. ನೋವಿದ್ದವನು ಮೇಲು ಮೇಲೆ ಉಸಿರಾಡುತ್ತಾನೆ. ಕೆಮ್ಮು ಬಂದರೆ ನುಂಗಿಕೊಳ್ಳುತ್ತಾನೆ. ಶ್ವಾಸಕೋಶದ ತಳಕ್ಕೆ ಗಾಳಿ ಹೋಗದೆ ಅದು ಮುದುಡುತ್ತದೆ, ಕಫ ಕೂಡುತ್ತದೆ, ನ್ಯುಮೋನಿಯಾ ಆಗಬಹುದು. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರು ಎಳೆಯಿರಿ ಎಂದು ನಾವು ಬೆನ್ನು ಹತ್ತುವುದು ಇದಕ್ಕೇ. ಅಪ್ಪ ಮೊದಲ ದಿನ ಉಸಿರು ಎಳೆದು ಒಂದು ಚೆಂಡು ಮೇಲೆತ್ತಿ ಸುಸ್ತಾದರು. ಬೆನ್ನು ನೀವಿ ಹತ್ತು ನಿಮಿಷ ಆದ ಮೇಲೆ ಎರಡನೇ ಚೆಂಡು ಅಲುಗಾಡಿತು. ಅಷ್ಟೇ. ನನಗೆ ಅಷ್ಟು ಸಾಕಿತ್ತು.

ನೀವುವುದು ಎಂದೆ. ಈ ಮಾತಿನಲ್ಲೇ ವಿಷಯ ಇದೆ. ನಮ್ಮಲ್ಲಿ ತಿಕ್ಕುವುದು, ಒತ್ತುವುದು, ನೀವುವುದು, ಸವರುವುದು, ತಟ್ಟುವುದು ಎಲ್ಲ ಬೇರೆ ಬೇರೆ. ಎಣ್ಣೆ ನೀರಿನ ದಿನ ಮಕ್ಕಳನ್ನು ತಿಕ್ಕುತ್ತೇವೆ. ಗರಡಿ ಮನೆಯಲ್ಲಿ ಪೈಲ್ವಾನರಿಗೆ ಮಾಲೀಸು ಮಾಡುವುದೂ ತಿಕ್ಕುವುದೇ. ಎದೆ ಕೊಯ್ಸಿಕೊಂಡವರಿಗೆ ಅದು ಬೇಡ. ರೊಟ್ಟಿ ಬಡಿಯುವ ಕೈ ಬೇಡ, ಹಿಟ್ಟು ನಾದುವ ಕೈಯೂ ಬೇಡ. ಸೀರೆಯ ಮಡಿಕೆ ಸರಿ ಮಾಡುವ ಕೈ ಇದೆಯಲ್ಲ, ಅದು ಸಾಕು.

ಅಷ್ಟು ಹಗುರ ಕೈಯಿಂದ ನೋವು ಹೇಗೆ ಕಡಿಮೆ ಆಗುತ್ತದೆ? ಮೊಣಕಾಲು ಮೇಜಿಗೆ ಬಡಿದರೆ ನಾವು ಯೋಚಿಸದೆ ಕೈ ಇಟ್ಟು ಸವರಿಕೊಳ್ಳುತ್ತೇವೆ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಒಂದು ವಿವರಣೆ ಕೊಟ್ಟರು. ಮುಟ್ಟಿದ ಸುದ್ದಿ ಒಯ್ಯುವ ನರಗಳು ದಪ್ಪ, ನೋವಿನ ಸುದ್ದಿ ಒಯ್ಯುವವು ಸಣ್ಣವು. ಎರಡೂ ಬೆನ್ನುಹುರಿಯಲ್ಲಿ ಒಂದು ಗೇಟಿನ ಹತ್ತಿರ ಸೇರುತ್ತವೆ. ಸ್ಪರ್ಶದ ಸುದ್ದಿ ಹೆಚ್ಚಾಗಿ ಬಂದರೆ ನೋವಿಗೆ ಆ ಗೇಟು ಅರ್ಧ ಮುಚ್ಚುತ್ತದೆ. ಆಮೇಲೆ ಆ ವಿವರಣೆಯನ್ನು ಬಹಳ ತಿದ್ದಿದ್ದಾರೆ, ಆದರೆ ಮೂಲ ಮಾತು ಉಳಿದುಕೊಂಡಿದೆ.

ಅಮೆರಿಕದ ಮೇಯೋ ಕ್ಲಿನಿಕ್‌ನವರು ಹೃದಯದ ಆಪರೇಷನ್ ಆದ 113 ಜನರ ಮೇಲೆ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. 62 ಜನಕ್ಕೆ ಮಾಲೀಸು, 51 ಜನಕ್ಕೆ ಸುಮ್ಮನೆ ಶಾಂತವಾಗಿ ವಿಶ್ರಾಂತಿ. ಮಾಲೀಸು ಆದವರಲ್ಲಿ ನೋವು, ಆತಂಕ, ಮೈ ಬಿಗಿತ ಮೂರೂ ಕಡಿಮೆಯಾದವು. ಒಂದು ತಕರಾರು ಮಾತ್ರ ನಾನೇ ಎತ್ತುತ್ತೇನೆ. ಗುಳಿಗೆಯ ಪರೀಕ್ಷೆಯಲ್ಲಿ ನಿಜವಾದದ್ದೋ ಸಕ್ಕರೆ ಗುಳಿಗೆಯೋ ಎಂದು ರೋಗಿಗೆ ಹೇಳದೆ ಇರಬಹುದು. ಮಾಲೀಸು ಆಯಿತೋ ಇಲ್ಲವೋ ಎಂದು ಯಾರಿಂದ ಮುಚ್ಚಿಡಲು ಬರುತ್ತದೆ? ಪಕ್ಕದಲ್ಲಿ ಒಬ್ಬರು ಕೂತು ಮುಟ್ಟಿದ್ದಕ್ಕೇ ಅರ್ಧ ಹಿತ ಅನಿಸಿರಬಹುದು. ಇರಲಿ. ಹಿತ ಅನಿಸಿದರೆ ನನಗೇನೂ ಬೇಸರವಿಲ್ಲ. ಆದರೆ ಗುಳಿಗೆ ಬಿಟ್ಟು ಮಾಲೀಸು ಅಂತ ಹೊರಡಬೇಡಿ. ನೋವಿನ ಗುಳಿಗೆ ಕೊಟ್ಟು ಅರ್ಧ ಗಂಟೆ ಬಿಟ್ಟು ಬೆನ್ನು ನೀವಿ, ಕೂಡಲೇ ಉಸಿರಿನ ಡಬ್ಬಿ ಕೈಗೆ ಕೊಡಿ. ನಾನು ಹೇಳಿಕೊಡುವ ಕ್ರಮ ಇದೇ.

ಈಗ ನನ್ನ ಮನೆಯಲ್ಲೇ ಆದದ್ದು. ಅಪ್ಪ ಮನೆಗೆ ಬಂದ ವಾರಕ್ಕೆ ಊರಿನಿಂದ ಕಾಕಾ ಬಂದರು. ಒಳ್ಳೆಯ ಜೀವ, ಹಳೇ ಪೈಲ್ವಾನ್. ನಾನು ಕೆಲಸಕ್ಕೆ ಹೋಗಿದ್ದೆ. ಕುಸುಬಿ ಎಣ್ಣೆ ಬಿಸಿ ಮಾಡಿ ಬೆನ್ನಿಗೆ ಹಚ್ಚಿದರು, ಅಲ್ಲಿಯವರೆಗೆ ಸರಿ. ಆಮೇಲೆ "ಸಂದು ಬಿಡಿಸ್ತೀನಿ" ಎಂದು ಅಪ್ಪನ ಎರಡೂ ತೋಳು ಹಿಡಿದು ಮೇಲಕ್ಕೆ ಜಗ್ಗಿದರು. ಎದೆಯಲ್ಲಿ ಕಟಕ್ ಎಂದಿತು. ಅವ್ವ ಫೋನ್ ಮಾಡಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಎಕ್ಸ್‌ರೇ ತೆಗೆಸಿದೆವು. ತಂತಿ ಗಟ್ಟಿಯಾಗಿಯೇ ಇತ್ತು, ದೇವರು ದೊಡ್ಡವನು. ಕಾಕಾ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ.

ಆ ಎಲುಬು ಕೂಡಲು ಎರಡರಿಂದ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತೋಳು ಜಗ್ಗಬಾರದು, ಕಂಕುಳಿಗೆ ಕೈ ಹಾಕಿ ಎಬ್ಬಿಸಬಾರದು, ಬೋರಲು ಮಲಗಿಸಬಾರದು. ಹೊಲಿಗೆಯ ಹತ್ತಿರ ಎಣ್ಣೆ ಬೇಡವೇ ಬೇಡ. ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿ, ಸರ್ಜನ್ ಹೂಂ ಎಂದ ಮೇಲೆ ಅದರ ಮಾತು. ರಕ್ತ ತೆಳು ಮಾಡುವ ಗುಳಿಗೆ ನುಂಗುವವರ ಮೈ ಸ್ವಲ್ಪ ಒತ್ತಿದರೂ ನೀಲಿಗಟ್ಟುತ್ತದೆ. ಇನ್ನು ಕಾಲು. ಬೈಪಾಸ್‌ಗೆ ಸಾಮಾನ್ಯವಾಗಿ ಕಾಲಿನ ರಕ್ತನಾಳ ತೆಗೆದಿರುತ್ತಾರೆ, ಆ ಕಾಲಿಗೆ ಮಾಲೀಸು ಬೇಡ. ಯಾವುದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ಬರಬಹುದು. ಕೈ ಹಚ್ಚದೆ ಆಸ್ಪತ್ರೆಗೆ ಓಡಿ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಕೆಮ್ಮಿದಾಗ ಎಲುಬು ಕಟಕಟ ಎಂದರೆ ಅದೂ ಆಸ್ಪತ್ರೆಯ ಕೆಲಸ, ಎಣ್ಣೆಯದಲ್ಲ.

ಈಗ ದಿಂಬು. ಕೆಮ್ಮು ಬಂದಾಗ ಇದನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು, ಎಲುಬಿಗೆ ಆಸರೆ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿಕೊಂಡು ರೋಣಕ್ಕೋ ಹಾನಗಲ್ಲಿಗೋ ಕಾರಿನಲ್ಲಿ ಹೋಗುವವರು ಸೀಟ್ ಬೆಲ್ಟಿನ ಕೆಳಗೆ ಇದನ್ನು ಇಟ್ಟುಕೊಳ್ಳಿ. ನಮ್ಮ ರಸ್ತೆಗಳ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ.

ದಿಂಬಿಗೆ ಇನ್ನೊಂದು ಕೆಲಸ ಇದೆ. ಬೋರಲು ಮಲಗಲು ಬಾರದವರ ಬೆನ್ನು ನೀವುವುದು ಹೇಗೆ? ಇದನ್ನು ಬಾಯಲ್ಲಿ ಹೇಳಿದರೆ ಆಗದು. ಆಗ ನನ್ನನ್ನು ಮಲಗ್ಲಿಕ್ಕೆ ಬಂದೀಯೋ ಎಂದು ಕೇಳಿದ ಹಿರಿಯರೇ, ನೀವೇ ಬನ್ನಿ. ಈ ಮೇಜಿನ ಮುಂದೆ ಕೂಡ್ರಿ. ದಿಂಬನ್ನು ಮೇಜಿನ ಮೇಲೆ ಇಡ್ತೀನಿ, ಅದಕ್ಕೆ ಹಣೆ ಊರಿ. ಎದೆಗೆ ಏನೂ ತಾಗಬಾರದು. ಕೈ ಸಡಿಲ ಬಿಡಿ. ನನ್ನ ಕೈ ತಣ್ಣಗಿದೆ, ಮೊದಲು ಉಜ್ಜಿ ಬಿಸಿ ಮಾಡ್ಕೋತೀನಿ. ಹೆಗಲಿನಿಂದ ಶುರು. ಜಾಸ್ತಿ ಅನ್ಸಿದ್ರೆ ಹೇಳ್ರಿ, ನಿಲ್ಲಿಸ್ತೀನಿ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ, ಅಲ್ಲಿಂದ ಕೈ ಕಾಣುವುದಿಲ್ಲ.