ಕರಿಯ, ಕಾಳ್ಯಾ, ಬೊಗ್ಗು: ನಾಯಿಗೆ ತನ್ನ ಹೆಸರು ಗೊತ್ತಾ?

[ದೃಶ್ಯ: ಮುಂಬೈ ಹತ್ತಿರದ ಡೊಂಬಿವಿಲಿ ಪೂರ್ವ. ಬಿಲ್ಡಿಂಗ್ ಪಾರ್ಕಿಂಗ್. ಸ್ಕೂಟರ್ ನೆರಳಲ್ಲಿ ಒಂದು ಕಪ್ಪು ನಾಯಿ.]

ನಮಸ್ಕಾರ. ಸ್ಕೂಟರ್ ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದಾನಲ್ಲ, ಇವನನ್ನ ನಮ್ಮ ಮನೆಯಲ್ಲಿ ಕರೆಯೋದು ಕರಿಯ ಅಂತ. ವಾಚ್‌ಮನ್ ಕಾಕಾ ಮರಾಠಿಯವರು, ಅವರಿಗೆ ಇವನು ಕಾಳ್ಯಾ. ಮೂಲೆಯ ಉಡುಪಿ ಹೋಟೆಲಿನ ಹಿಂಬಾಗಿಲಿಗೆ ಹೋದರೆ ಇವನೇ ಬೊಗ್ಗು. ಅಲ್ಲಿನ ಅಡಿಗೆಯವರು ತುಳುವರು, ಅವರ ಊರಲ್ಲಿ ನಾಯಿ ಅಂದರೆ ಒಂದೋ ಬೊಗ್ಗು, ಇಲ್ಲಾಂದ್ರೆ ಟಾಮಿ.

ಮೂರು ಹೆಸರಿಗೂ ಓಗೊಡ್ತಾನೆ. ಆಧಾರ್ ಕಾರ್ಡ್ ಮಾಡಿಸೋಕೆ ಹೋದರೆ ಮಾತ್ರ ಕಷ್ಟ.

ಹೋದ ತಿಂಗಳು ಊಟದ ಹೊತ್ತಲ್ಲಿ ನಾನು ಅಮ್ಮನ ಹತ್ತಿರ ಹೇಳ್ದೆ, "ನೋಡಮ್ಮ, ಮೂರು ಭಾಷೆಯಲ್ಲಿ ತನ್ನ ಹೆಸರು ಗೊತ್ತು ಇವನಿಗೆ." ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೆಸರೂ ಇಲ್ಲ, ಎಂಥದೂ ಇಲ್ಲ. ನೀನು ಕರೆಯುವ ರಾಗ ಅದಕ್ಕೆ ಗೊತ್ತುಂಟು. ಅದೇ ರಾಗದಲ್ಲಿ ಉಪ್ಪಿನಕಾಯಿ ಅಂತ ಕರೆ, ಬರ್ತದೆ."

ಕೆಳಗೆ ಹೋಗಿ ಮುದ್ದಾಗಿ "ಉಪ್ಪಿನ್ಕಾಯೀ..." ಅಂದೆ. ಬಂದ. ಬಾಲ ಬೇರೆ ಅಲ್ಲಾಡಿಸಿದ.

ಹಾಗಾದರೆ ಅಮ್ಮ ಹೇಳಿದ್ದು ಸರಿಯಾ? ಅರ್ಧ ಸರಿ.

ನಾವು ನಾಯಿಯನ್ನ ಕರೆಯುವಾಗ ಬರೀ ಶಬ್ದ ಕಳಿಸೋದಿಲ್ಲ. ದನಿ ಏರುತ್ತೆ, ಮುಖ ಅದರ ಕಡೆ ತಿರುಗುತ್ತೆ, ಮೈ ಬಗ್ಗುತ್ತೆ, ಕೈ ಜೇಬಿಗೆ ಹೋಗುತ್ತೆ. ನಾಯಿ ಇದನ್ನೆಲ್ಲಾ ಓದುತ್ತೆ, ಬೀದಿ ನಾಯಿಯೂ ಸಹ. ಕೋಲ್ಕತ್ತಾದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ 2020ರಲ್ಲಿ ಬೀದಿ ನಾಯಿಗಳ ಮುಂದೆ ಎರಡು ಬಟ್ಟಲಿಟ್ಟು, ಒಂದರ ಕಡೆ ಕೈ ತೋರಿಸಿ ನೋಡಿತು. ಹತ್ತಿರ ಬರೋ ಧೈರ್ಯ ಮಾಡಿದ ನಾಯಿಗಳಲ್ಲಿ ಸುಮಾರು 80 ಶೇಕಡಾ, ಕೈ ತೋರಿಸಿದ ಬಟ್ಟಲಿಗೇ ಹೋದವು. ಯಾರೂ ತರಬೇತಿ ಕೊಟ್ಟಿರಲಿಲ್ಲ.

ರಾಗದ ವಿಷಯಕ್ಕೆ ಬಂದರೆ ಬುಡಾಪೆಸ್ಟ್‌ಗೆ ಹೋಗಬೇಕು. 2016ರಲ್ಲಿ ಅಲ್ಲಿನ ಅತಿಲಾ ಆಂಡಿಕ್ಸ್ ಮತ್ತು ಜೊತೆಗಾರರು 13 ನಾಯಿಗಳನ್ನ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗೋಕೆ ಕಲಿಸಿದರು. ನಾನು ಒಂದು ಸಲ ಮಂಡಿಗೆ ಎಂಆರ್‌ಐ ಮಾಡಿಸಿಕೊಂಡಾಗ ನನಗೇ ಅದು ಆಗಿರಲಿಲ್ಲ. ಇರಲಿ. ನಾಯಿಗಳಿಗೆ ನಾಲ್ಕು ಥರ ಕೇಳಿಸಿದರು: ಹೊಗಳಿಕೆಯ ಪದ ಹೊಗಳಿಕೆಯ ದನಿಯಲ್ಲಿ, ಅದೇ ಪದ ಸಪ್ಪೆ ದನಿಯಲ್ಲಿ, ಸಂಬಂಧವೇ ಇಲ್ಲದ ಪದ ಹೊಗಳಿಕೆಯ ದನಿಯಲ್ಲಿ, ಅದೇ ಪದ ಸಪ್ಪೆಯಾಗಿ. ಮಿದುಳಿನಲ್ಲಿ ಖುಷಿ ಹುಟ್ಟೋ ಭಾಗ ಚುರುಕಾದದ್ದು ಪದವೂ ದನಿಯೂ ಎರಡೂ ಕೂಡಿದಾಗ ಮಾತ್ರ. ಅಂದರೆ ಉಪ್ಪಿನಕಾಯಿಗೆ ಕರಿಯ ಬಂದದ್ದು ನಿಜ, ಆದರೆ ಖುಷಿಯ ಲೆಕ್ಕದಲ್ಲಿ ಅದು ಬರೀ ಉಪ್ಪಿನಕಾಯಿ ಆಗಿರಬಹುದು, ಊಟ ಅಲ್ಲ.

ಹೆಸರು ಗೊತ್ತಾ ಅಂತ ನೋಡಬೇಕಾದರೆ ರಾಗ ತೆಗೀಬೇಕು, ಮುಖ ತೆಗೀಬೇಕು. ಹೇಗೆ? ಒಳ್ಳೇ ಉಪಾಯ ಬೆಕ್ಕಿನವರ ಹತ್ತಿರ ಇದೆ. ಜಪಾನಿನ ಅತ್ಸುಕೊ ಸೈತೊ 2019ರಲ್ಲಿ ಬೆಕ್ಕುಗಳ ಮೇಲೆ ಮಾಡಿದ್ದು ಇದು. ಬೆಕ್ಕಿನ ಹೆಸರಿನಷ್ಟೇ ಉದ್ದದ ನಾಲ್ಕು ಪದಗಳನ್ನ ಒಂದೇ ಥರ, ನಡುವೆ ಬಿಡುವು ಕೊಟ್ಟು ಹೇಳೋದು. ಮೊದಲ ಪದಕ್ಕೆ ಕಿವಿ ಆಡುತ್ತೆ, ಆಮೇಲಾಮೇಲೆ ಬೇಜಾರಾಗಿ ಸುಮ್ಮನಾಗುತ್ತೆ. ಐದನೆಯದಾಗಿ ಹೆಸರು. ಬೇಜಾರಾದ ಪ್ರಾಣಿ ಅಲ್ಲಿ ಮತ್ತೆ ಕಿವಿ ಎತ್ತಿದರೆ, ಆ ಶಬ್ದದಲ್ಲಿ ಅದಕ್ಕೆ ಬೇರೇನೋ ಕೇಳಿಸಿದೆ. ಬೆಕ್ಕುಗಳು ಎತ್ತಿದವು.

[ದೃಶ್ಯ: ಸ್ಕೂಟರ್ ಮೇಲೆ ಫೋನ್. ಹತ್ತಿರದಿಂದ ಕರಿಯನ ಕಿವಿ. ಅಂಚಿನಲ್ಲಿ ಮುನಿಸಿಪಾಲಿಟಿಯ ಸಂತಾನಹರಣ ಆಪರೇಷನ್ ಆದ ಗುರುತಿನ ಕಚ್ಚು.]

ನಾವೂ ಮಾಡಿದೆವು. ಕರಿಯನನ್ನ ಒಮ್ಮೆಯೂ ನೋಡದ, ಪುಣೆಯಲ್ಲಿರೋ ಗೆಳತಿಯ ಹತ್ತಿರ ಪದಗಳನ್ನ ಹೇಳಿಸಿ ಫೋನಿಗೆ ತರಿಸಿಕೊಂಡೆ. ನ್ಯೂಸ್ ಓದೋ ಹಾಗೆ ಸಪ್ಪೆಯಾಗಿ ಹೇಳು ಅಂತ ಹೇಳಿದ್ದೆ. ಫೋನ್ ಸ್ಕೂಟರ್ ಸೀಟಿನ ಮೇಲೆ, ನಾನು ಕಂಬದ ಹಿಂದೆ.

ಮೊದಲ ಸಲ ಪೂರ್ತಿ ಕೆಟ್ಟಿತು. ತಪ್ಪು ನನ್ನದೇ. ಪದಗಳು: ಗಡಿಗೆ, ಹರಿವೆ, ಚಪಾತಿ, ಕೊಡಲಿ. ಗಡಿಗೆಗೆ ಕಿವಿ ಆಡಿತು. ಹರಿವೆಗೆ ಇನ್ನೂ ಕಮ್ಮಿ. ಚಪಾತಿ ಅಂದದ್ದೇ ತಡ, ಎದ್ದು ನಿಂತ! ಸ್ಕೂಟರನ್ನ ಒಂದು ಸುತ್ತು ಹಾಕಿದ, ಸೀಟು ಮೂಸಿದ. ಅಮ್ಮ ಮೊದಲ ಮಹಡಿ ಗ್ಯಾಲರಿಯಿಂದ ನಗ್ತಾ ಇದ್ರು. ದಿನಾ ರಾತ್ರಿ "ಚಪಾತಿ ಹಾಕ್ತೇನೆ ಬಾ" ಅಂತ ಇವನಿಗೆ ಕೂಗೋದು ಅವರೇ ಅನ್ನೋದು ನನಗೆ ಆಗ ನೆನಪಾಯಿತು.

ಈ ತಪ್ಪಿನ ಬಗ್ಗೆ ನಾನು ಆಮೇಲೆ ತುಂಬಾ ಯೋಚನೆ ಮಾಡಿದೆ. ಯಾಕೆ ಅಂತ ಸ್ವಲ್ಪ ಹೊತ್ತಿಗೆ ಹೇಳ್ತೀನಿ.

ಮರುದಿನ ಚಪಾತಿ ತೆಗೆದು ಕಡೆಗೋಲು ಹಾಕಿದೆ. ನಾಲ್ಕನೇ ಪದದ ಹೊತ್ತಿಗೆ ಕಣ್ಣು ಮುಚ್ಚಿದ್ದ. ಐದನೆಯದು, ಅದೇ ಸಪ್ಪೆ ದನಿಯಲ್ಲಿ, "ಕರಿಯ". ಎರಡೂ ಕಿವಿ ಮುಂದಕ್ಕೆ ಬಂತು, ಗದ್ದ ನೆಲದಿಂದ ಎದ್ದಿತು, ಸ್ಕೂಟರನ್ನೇ ನೋಡಿದ. ಬರಲಿಲ್ಲ. ಬಾಲ ಅಲ್ಲಾಡಲಿಲ್ಲ. ಬರೀ ನೋಡಿದ. ರಾಗ ಇಲ್ಲ, ಮುಖ ಇಲ್ಲ, ಗುರುತಿನ ದನಿಯೂ ಅಲ್ಲ, ಆದರೂ ನೋಡಿದ. ಒಂದು ನಾಯಿ, ಒಂದು ಮಧ್ಯಾಹ್ನ. ಇದನ್ನ ವಿಜ್ಞಾನ ಅನ್ನೋಕಾಗಲ್ಲ, ಅಮ್ಮನಿಗೆ ತೋರಿಸೋಕೆ ಸಾಕು.

ವಿಜ್ಞಾನದ ಮಟ್ಟದಲ್ಲಿ ಇದನ್ನ ಮಾಡಿದ್ದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಅಮೃತಾ ಮಲ್ಲಿಕಾರ್ಜುನ್, ಎಮಿಲಿ ಶ್ರಾಫ್, ರೊಶೆಲ್ ನ್ಯೂಮನ್, 2019. ಅವರ ಪ್ರಶ್ನೆ ಇನ್ನೂ ಕಠಿಣ: ಗದ್ದಲದ ನಡುವೆ ಹೆಸರು ಕೇಳುತ್ತಾ? ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನೂರು ಜನ ಮಾತಾಡ್ತಿರುವಾಗ ದೂರದಲ್ಲಿ ಯಾರೋ ನಿಮ್ಮ ಹೆಸರೆತ್ತಿದರೆ ತಟ್ಟನೆ ಕೇಳುತ್ತಲ್ಲ, ಅದು. ಗದ್ದಲದ ನಡುವೆ ಒಂದು ದನಿಯನ್ನ ಹಿಡಿಯೋ ಈ ಕಷ್ಟವನ್ನ 1953ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕಾಲಿನ್ ಚೆರ್ರಿ ಕಾಕ್‌ಟೇಲ್ ಪಾರ್ಟಿ ಸಮಸ್ಯೆ ಅಂದ. ಅವನ ಊರಲ್ಲಿ ಪಂಕ್ತಿ ಊಟ ಇರಲಿಲ್ಲ, ಪಾಪ.

ನಾಯಿ ಮನೆಯವರ ಮಡಿಲಲ್ಲಿ. ಗೊತ್ತಿಲ್ಲದೆ ಸನ್ನೆ ಕೊಟ್ಟುಬಿಡಬಾರದು ಅಂತ ಮನೆಯವರ ಕಿವಿಗೆ ಹೆಡ್‌ಫೋನ್. ಸ್ಪೀಕರಿನಲ್ಲಿ ಅಪರಿಚಿತ ಹೆಂಗಸಿನ ದನಿ ಒಮ್ಮೆ ಈ ನಾಯಿಯ ಹೆಸರು ಕರೆಯುತ್ತೆ, ಇನ್ನೊಮ್ಮೆ ಅದೇ ಲಯದ ಬೇರೆ ನಾಯಿಯ ಹೆಸರು. ಹಿನ್ನೆಲೆಯಲ್ಲಿ ಹಲವರು ಒಟ್ಟಿಗೆ ಮಾತಾಡೋ ಗದ್ದಲ. ಸ್ಪೀಕರ್ ಕಡೆ ಎಷ್ಟು ಹೊತ್ತು ನೋಡುತ್ತೆ ಅನ್ನೋದೇ ಲೆಕ್ಕ. ಗದ್ದಲವೂ ಹೆಸರೂ ಒಂದೇ ಮಟ್ಟದಲ್ಲಿದ್ದಾಗಲೂ ನಾಯಿಗಳು ತಮ್ಮ ಹೆಸರಿಗೆ ಜಾಸ್ತಿ ಹೊತ್ತು ನೋಡಿದವು. ಒಂದು ವರ್ಷದ ಮಕ್ಕಳಿಗೆ ಹೆಸರು ಗದ್ದಲಕ್ಕಿಂತ ಜೋರಾಗಿರಬೇಕು. ಗದ್ದಲ ಹೆಸರನ್ನ ಮೀರಿದಾಗ ಮಾತ್ರ ನಾಯಿಗಳು ಸೋತವು. ನಾನು ಸಂಜೆ ಆರೂವರೆಯ ಡೊಂಬಿವಿಲಿ ಪ್ಲಾಟ್‌ಫಾರ್ಮಿನಲ್ಲಿ ದಿನಾ ಸೋಲ್ತೀನಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಣ್ಣ ವಿಷಯ: ಕೆಲಸದ ನಾಯಿಗಳು ಮನೆ ನಾಯಿಗಳಿಗಿಂತ ಚೆನ್ನಾಗಿ ಮಾಡಿದವು. ಕೆಲಸದ ನಾಯಿಯನ್ನ ಒಂದೇ ಹೆಸರಲ್ಲಿ ಕರೀತಾರೆ, ಮನೆ ನಾಯಿಗೆ ಪುಟ್ಟಾ, ಬಂಗಾರ, ಕಳ್ಳ, ಗುಂಡ ಎಲ್ಲಾ ಇರುತ್ತೆ, ಅದೂ ಒಂದು ಕಾರಣ ಇರಬಹುದು. ಚಿಕ್ಕದಾದ ಒಂದೇ ಹೆಸರು ಅನ್ನೋ ಬುದ್ಧಿವಾದ ಹೊಸದೇನಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫೋನ್ ಬೇಟೆಯ ಬಗ್ಗೆ ಬರೆಯುತ್ತಾ, ಕರೆಯೋಕೆ ಸುಲಭವಾಗೋ ಹಾಗೆ ನಾಯಿಗೆ ಚಿಕ್ಕ ಹೆಸರಿಡಿ ಅಂತ ಹೇಳಿ ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾನೆ. ಮೋತಿ, ರಾಜಾ, ಬೊಗ್ಗು ಎಲ್ಲಾ ಅವನ ಪರೀಕ್ಷೆಯಲ್ಲಿ ಪಾಸು.

ಈಗ ಕರಿಯ ಮತ್ತು ಕಾಳ್ಯಾ. ಇವು ಎರಡು ಹೆಸರು ಅಂತ ನಾವು ಅಂದುಕೊಂಡಿದ್ದೀವಿ. ಕೇಳೋಕೆ ಹತ್ತಿರ ಹತ್ತಿರ ಇರೋ ಇವು ಅವನಿಗೆ ಎರಡಾ? ಇನ್ನೊಂದು ದಿನ ರೆಕಾರ್ಡಿಂಗ್‌ನಲ್ಲಿ ಐದನೇ ಪದ "ಮರಿಯ" ಅಂತ ಹಾಕಿದೆ. ತಲೆ ಎತ್ತಿದ, ಕರಿಯಕ್ಕೆ ಎತ್ತಿದ ಹಾಗೇ. ಬುಡಾಪೆಸ್ಟಿನವರು 2020ರಲ್ಲಿ ಇದನ್ನೇ ನೋಡಿದ್ದರು. ಮನೆ ನಾಯಿಗಳ ತಲೆಗೆ ತಂತಿ ಅಂಟಿಸಿ, ಗೊತ್ತಿರೋ ಪದ, ಅದರಲ್ಲಿ ಒಂದೇ ಧ್ವನಿ ಬದಲಾದ ಅರ್ಥವಿಲ್ಲದ ಪದ, ಪೂರ್ತಿ ಬೇರೆ ಪದ ಕೇಳಿಸಿದರು. ಪೂರ್ತಿ ಬೇರೆ ಪದವನ್ನ ಮಿದುಳು ಬೇಗ ಬೇರ್ಪಡಿಸಿತು. ಒಂದಕ್ಷರ ತಪ್ಪಿದ್ದನ್ನ ಬೇರ್ಪಡಿಸಲಿಲ್ಲ. ಕಿವಿಗೆ ಕೇಳೋದಿಲ್ಲ ಅಂತಲ್ಲ. ಅಷ್ಟು ಸೂಕ್ಷ್ಮವಾಗಿ ಗಮನ ಕೊಡೋ ಅಗತ್ಯ ಅದಕ್ಕೆ ಬಿದ್ದಿಲ್ಲ, ಅಷ್ಟೇ ಇರಬಹುದು. ಮನೆಯಲ್ಲಿ ಎರಡು ನಾಯಿ ಸಾಕಿ ರಾಮು, ಸೋಮು ಅಂತ ಇಡೋರು ಒಂದು ಸಲ ಯೋಚನೆ ಮಾಡಿ.

[ದೃಶ್ಯ: ಕ್ಯಾಮೆರಾ ನಿರೂಪಕನ ಕಡೆ. ಹಿಂದೆ ಹಳಿಯ ಮೇಲೆ ಕಲ್ಯಾಣ್ ಲೋಕಲ್ ಹಾದುಹೋಗುತ್ತೆ.]

ಚಪಾತಿಗೆ ವಾಪಸ್ ಬರೋಣ. ನಾಯಿಗೆ ಪದ ಕಲಿಯೋ ಶಕ್ತಿ ಇದೆ, ಅದರಲ್ಲಿ ಸಂಶಯ ಬೇಡ. ಚೇಸರ್ ಅನ್ನೋ ಬಾರ್ಡರ್ ಕಾಲಿ ಜಾತಿಯ ನಾಯಿಗೆ 1,022 ಆಟಿಕೆಗಳ ಹೆಸರು ಗೊತ್ತಿತ್ತು. ಕಲಿಸಿದ ಜಾನ್ ಪಿಲ್ಲಿ 2011ರಲ್ಲಿ ಅದನ್ನ ಪ್ರಕಟಿಸಿದರು. ಆದರೆ ಚೆಂಡಿನ ಹೆಸರು ಕೇಳಿ ಚೆಂಡು ತರೋದು ಬೇರೆ, ತನ್ನ ಹೆಸರು ಕೇಳಿ "ಇದು ನಾನು" ಅಂದುಕೊಳ್ಳೋದು ಬೇರೆ. ಮೊದಲನೆಯದಕ್ಕೆ ಪುರಾವೆ ಇದೆ. ಎರಡನೆಯದನ್ನ ಮೇಲೆ ಹೇಳಿದ ಯಾವ ಪ್ರಯೋಗವೂ ತೋರಿಸಿಲ್ಲ. ನನಗೆ ಅನಿಸೋದು, ಕರಿಯನ ತಲೆಯೊಳಗೆ "ಕರಿಯ" ಮತ್ತು "ಚಪಾತಿ" ಅಕ್ಕಪಕ್ಕದ ಮನೆಯವರು. ಎರಡರ ಅರ್ಥವೂ "ಇತ್ತ ನೋಡು, ನಿನಗೇನೋ ಇದೆ". ಹಾಗಾಗಿ ಮೂರು ಹೆಸರು ಇದ್ದರೂ ಅವನಿಗೆ ಗೊಂದಲ ಇಲ್ಲ. ಮೂರು ಬಾಗಿಲು, ಮೂರು ಬೆಲ್.

"ನಾನು" ಅನ್ನೋದು ನಾಯಿಗೆ ಇದ್ದರೆ ಬಹುಶಃ ಮೂಗಲ್ಲಿದೆ. ಕನ್ನಡಿಯಲ್ಲಿ ಕಾಣೋದು ತಾನೇ ಅಂತ ಗುರುತಿಸಬೇಕಾದ ಕನ್ನಡಿ ಪರೀಕ್ಷೆಯಲ್ಲಿ ಪಾಸಾಗದ ಪ್ರಾಣಿ ಇದು. ಆದರೆ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2017ರಲ್ಲಿ 36 ನಾಯಿಗಳಿಗೆ ಅವುಗಳದ್ದೇ ಮೂತ್ರವನ್ನ, ಮತ್ತೆ ಅದಕ್ಕೇ ಬೇರೆ ವಾಸನೆ ಬೆರೆಸಿದ್ದನ್ನ ಮೂಸೋಕೆ ಕೊಟ್ಟರು. ಬೆರೆಸಿದ್ದನ್ನ ಅವು ಜಾಸ್ತಿ ಹೊತ್ತು ಮೂಸಿದವು. ನಮ್ಮ ಮುಖಕ್ಕೆ ಯಾರೋ ಮೀಸೆ ಬರೆದರೆ ಕನ್ನಡಿ ಮುಂದೆ ನಿಲ್ತೀವಲ್ಲ, ಹೆಚ್ಚುಕಮ್ಮಿ ಹಾಗೆ.

ಇನ್ನು ಹೆಸರು ಸವೆಯೋ ವಿಷಯ. ಕರೆದ ಮೇಲೆ ಏನೂ ಸಿಗದಿದ್ದರೆ, ಅಥವಾ ಸ್ನಾನಕ್ಕೆ, ಬೈಯೋಕೆ, ಇಂಜೆಕ್ಷನ್ನಿಗೆ ಮಾತ್ರ ಕರೆದರೆ, ಆ ಶಬ್ದಕ್ಕೆ ಬೆಲೆ ಹೋಗುತ್ತೆ. ಇದನ್ನ ನಾನು ಬಾಯಲ್ಲಿ ಹೇಳೋ ಬದಲು ತೋರಿಸ್ತೀನಿ. ಈ ವಿಡಿಯೋ ಶೂಟಿಂಗ್‌ಗೋಸ್ಕರ ಬೆಳಿಗ್ಗೆಯಿಂದ ಇವನನ್ನ ಹತ್ತಾರು ಸಲ ಸುಮ್ಮಸುಮ್ಮನೆ ಕರೆದಿದ್ದೀನಿ.

ಕರಿಯ.

[ದೃಶ್ಯ: ಕರಿಯ ಕಣ್ಣು ಬಿಡುವುದಿಲ್ಲ. ಕಚ್ಚು ಬಿದ್ದ ಕಿವಿ ಒಮ್ಮೆ ಆಡಿ ನಿಲ್ಲುತ್ತದೆ.]

ಕರಿಯಾ...

ನೋಡಿದ್ರಾ. ಅಮ್ಮ, ಚಪಾತಿ ಉಂಟಾ?

[ದೃಶ್ಯ: ಅಮ್ಮ ಉತ್ತರ ಕೊಡುವ ಮೊದಲೇ ಸ್ಕೂಟರ್ ಪಕ್ಕದ ಜಾಗ ಖಾಲಿ.]